ಬಿಡುವಿನ ಹವ್ಯಾಸ: ಕ್ಯಾಮರಾ ಹಿಡಿಯೋಣ ಬನ್ನಿ



ಈ ಸಲ ಉಪ್ಪಿನಕಾಯಿ, ಹಪ್ಪಳದ ಮಾತು ಬಿಟ್ಟು ಫೋಟೋದ ಮಾತು ಆಡೋಣ. “ಮೊಬೈಲು ಇದ್ದ ಮೇಲೆ ಕಲಿಯಲಿಕ್ಕೆ ಎಂತ ಉಂಟು?” ಎಂದು ನಗಬೇಡಿ. ನಾನೂ ಹಾಗೇ ಅಂದುಕೊಂಡಿದ್ದವಳು.

ಕೆಲವು ವರ್ಷದ ಹಿಂದೆ ನನ್ನ ಅಮ್ಮ ತೀರಿಕೊಂಡಳು. ಉತ್ತರಕ್ರಿಯೆಯ ದಿನ ಹಾರ ಹಾಕಿಡಲು ಒಂದು ಫೋಟೋ ಬೇಕಿತ್ತು. ತವರಿನ ಐದು ಮದುವೆಗಳ ಆಲ್ಬಮ್ ತಿರುವಿ ಹಾಕಿದೆವು. ಒಂದರಲ್ಲಿ ಅಮ್ಮ ಸಾರಿನ ಪಾತ್ರೆ ಹಿಡಿದು ಬೆನ್ನು ಹಾಕಿ ನಿಂತಿದ್ದಾಳೆ, ಇನ್ನೊಂದರಲ್ಲಿ ಕಣ್ಣು ಮುಚ್ಚಿದೆ. ಕೊನೆಗೆ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅಮ್ಮ ಗಾಬರಿಯಾದವರ ಹಾಗೆ ಕಾಣುತ್ತಾಳೆ. ನಗದೆ ಮಾತೇ ಆಡದಿದ್ದ ನನ್ನ ಅಮ್ಮ! ನನ್ನ ಮೊಬೈಲಿನಲ್ಲಿ ಆಗ ಸಾವಿರಗಟ್ಟಲೆ ಫೋಟೋ ಇದ್ದವು: ದಾಸವಾಳ, ನೀರುದೋಸೆ, ಸೂರ್ಯಾಸ್ತ. ಅವತ್ತೇ ನಿಶ್ಚಯಿಸಿದೆ, ಸರಿಯಾಗಿ ಕಲಿಯಬೇಕೆಂದು.

ಕಲಿಯಲು ನಾನು ಎಲ್ಲಿಗೂ ಹೋಗಲಿಲ್ಲ. ನಮ್ಮ ಗುರುವಾಯನಕೆರೆಯ ಕೆರೆಯನ್ನೇ ಒಂದು ತಿಂಗಳು ದಿನವೂ ಒಂದೇ ಜಾಗದಲ್ಲಿ ನಿಂತು ತೆಗೆದೆ. ಬೆಳಿಗ್ಗೆ ಏಳಕ್ಕೆ ನೀರು ಬೇರೆ, ಮಧ್ಯಾಹ್ನ ಬೇರೆ, ಸಂಜೆ ಐದಕ್ಕೆ ಇನ್ನೂ ಬೇರೆ. ಆಗ ಗೊತ್ತಾಯಿತು, ನಾವು ಹಿಡಿಯುವುದು ಕೆರೆಯನ್ನಲ್ಲ, ಕೆರೆಯ ಮೇಲೆ ಬಿದ್ದ ಬೆಳಕನ್ನು. ಮನುಷ್ಯರ ಮುಖಕ್ಕೂ ಇದೇ ಮಾತು. ನಡುಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದರೆ ಕಣ್ಣ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಅದೇ ಮುಖ ಬಾಗಿಲಿನ ಪಕ್ಕ, ಹೊರಗಿನ ಬೆಳಕು ಒಂದು ಕಡೆಯಿಂದ ಬೀಳುವಂತೆ ಕೂತರೆ ಎಷ್ಟು ಚೆಂದ! ಮಳೆಗಾಲದ ಮೋಡದ ಬೆಳಕೂ ಮುಖಕ್ಕೆ ಬಹಳ ಒಳ್ಳೆಯದು.

ಇನ್ನು ಕೆಲವು ಸಣ್ಣ ಸಂಗತಿಗಳು:

ತೆಗೆಯುವ ಮುಂಚೆ ಮಸೂರವನ್ನು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯ ಎಣ್ಣೆಕೈ ತಾಗಿದ ಮೊಬೈಲಿನಲ್ಲಿ ಎಲ್ಲವೂ ಮಂಜಾಗಿಯೇ ಬರುತ್ತದೆ.

ಎರಡೂ ಮೊಣಕೈಗಳನ್ನು ಮೈಗೆ ಒತ್ತಿಕೊಂಡು ಹಿಡಿಯಿರಿ, ಕೈ ಅಲುಗುವುದಿಲ್ಲ.

ಬೆರಳಲ್ಲಿ ಎಳೆದು ಚಿತ್ರ ದೊಡ್ಡದು ಮಾಡುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ.

ಪರದೆಯ ಮೇಲೆ ಮುಖದ ಜಾಗವನ್ನು ಮುಟ್ಟಿದರೆ ಮುಖ ಸ್ಪಷ್ಟವಾಗುತ್ತದೆ.

ಹಳೆಯ ಕ್ಯಾಮರಾ ಇದ್ದವರು ನಮ್ಮ ಊರಿನ ಮಳೆಗಾಲದಲ್ಲಿ ಅದನ್ನು ಚರ್ಮದ ಚೀಲದಲ್ಲಿಡಬೇಡಿ, ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.

2024ರಲ್ಲಿ ವೇಣೂರಿನ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದೆ. 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ. ಇನ್ನೂರು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಅಷ್ಟು ದೊಡ್ಡ ಮೂರ್ತಿ ಬೊಂಬೆಯ ಹಾಗೆ ಕಾಣುತ್ತಿತ್ತು! ಒಂದು ಮಾತ್ರ ಸರಿಯಾಗಿತ್ತು, ಅದರಲ್ಲಿ ಪಾದದ ಹತ್ತಿರ ಒಬ್ಬರು ಅಜ್ಜಿ ಕೈಮುಗಿದು ನಿಂತಿದ್ದರು. ಅವರಿಂದಾಗಿ ಮೂರ್ತಿಯ ಎತ್ತರವೂ ತಿಳಿಯಿತು, ಭಕ್ತಿಯೂ ತಿಳಿಯಿತು.

ಇಷ್ಟೆಲ್ಲ ಆದ ಮೇಲೂ ಬೇಸರ ಬಂದೇ ಬರುತ್ತದೆ. “ಅಮ್ಮಾ, ಎಲ್ಲಾ ಒಂದೇ ತರ ಉಂಟು” ಎಂದು ಮಗ ಅಂದಾಗ ಎರಡು ತಿಂಗಳು ಫೋಟೋ ತೆಗೆಯುವುದನ್ನೇ ಬಿಟ್ಟಿದ್ದೆ. ಆಮೇಲೆ ಯೋಚಿಸಿದೆ, ನನ್ನ ಫೋಟೋಗಳು ಕೆಟ್ಟದ್ದಾಗಿಲ್ಲ, ನನ್ನ ಕಣ್ಣು ಪಳಗಿದೆ. ಮೊದಲು ಕಾಣದಿದ್ದ ತಪ್ಪು ಈಗ ಕಾಣುತ್ತದೆ, ಅಷ್ಟೆ. ಚಾರ್ಮಾಡಿ ಘಾಟಿ ಹತ್ತಿದರೆ ಆಚೆ ಮೂಡಿಗೆರೆ. ಅಲ್ಲಿದ್ದ ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಒಂದು ಹಕ್ಕಿಯ ಫೋಟೋಕ್ಕಾಗಿ ಗಂಟೆಗಟ್ಟಲೆ ಅಡಗಿ ಕೂತು ಕಾಯುತ್ತಿದ್ದರಂತೆ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೊಮಾಯ್ ವ್ಯಾರಾವಾಲಾ ಅವರ ಮೊದಮೊದಲ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಆದರೂ ಅವರು ಬಿಡಲಿಲ್ಲ. ಸೀರೆ ಉಟ್ಟೇ ಆ ಭಾರದ ಕ್ಯಾಮರಾ ಹೊತ್ತು ತಿರುಗಿದರು, 2011ರಲ್ಲಿ ಪದ್ಮವಿಭೂಷಣ ಬಂತು. ಹಾಡ್ತಾ ಹಾಡ್ತಾ ರಾಗ ಎನ್ನುವುದು ಸುಳ್ಳಲ್ಲ.

ನಾನೀಗ ಮಾಡುವುದು ಇಷ್ಟೇ. ವಾರಕ್ಕೆ ಒಂದೇ ವಿಷಯ. ಒಂದು ವಾರ ಕೈಗಳು, ಇನ್ನೊಂದು ವಾರ ಜಗಲಿ. ಭಾನುವಾರ ಕೂತು ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಅಳಿಸುತ್ತೇನೆ. ತಿಂಗಳಿಗೆ ಒಂದನ್ನು ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ ಹಿಂದೆ ಹೆಸರು, ತಾರೀಕು ಬರೆಯುತ್ತೇನೆ. ಯಾರ ಫೋಟೋವನ್ನೂ ಕೇಳದೆ ತೆಗೆಯುವುದಿಲ್ಲ.

ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಕೇಳಿದಾಗ, “ನನ್ನದೆಂತ ಫೋಟೋ ಮಾರಾಯ್ತಿ, ನಿಲ್ಲು, ಸೀರೆ ಬದಲಿಸಿ ಬರ್ತೇನೆ” ಅಂದರು. “ಬೇಡ ಅಕ್ಕ, ಹಾಗೇ ಕೂತುಕೊಳ್ಳಿ” ಎಂದು ಮಡಿಲಲ್ಲಿ ಬೀಡಿಯ ಗೆರಸೆ ಇರುವ ಹಾಗೆಯೇ ತೆಗೆದೆ. ಈಗ ಅದು ಅವರ ಮನೆಯ ಗೋಡೆಯಲ್ಲಿ ಉಂಟು.

ಕಳೆದ ತಿಂಗಳು ಅತ್ತೆಯ ಸರದಿ. ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಾ ಏನೋ ಹೇಳಿ ನಕ್ಕರು, ತೆಗೆದುಬಿಟ್ಟೆ. ಅಚ್ಚು ಹಾಕಿಸಿ ಕೊಟ್ಟೆ. ಬಹಳ ಹೊತ್ತು ನೋಡಿ, “ನಾನು ನಗುವಾಗ ಹೀಗೆ ಕಾಣ್ತೇನಾ?” ಎಂದರು. ಆಮೇಲೆ ಅದನ್ನು ಎಲೆ-ಅಡಿಕೆ ಡಬ್ಬಿಯ ಅಡಿಯಲ್ಲಿ ಜೋಪಾನ ಮಾಡಿದರು. ಅಮ್ಮನದು ಇಂಥದ್ದೊಂದು ಇದ್ದಿದ್ದರೆ ಎಂದು ನನ್ನ ಕಣ್ಣು ತುಂಬಿತು.

ಸೋದರಿಯರೇ, ಈ ಹದಿನೈದು ದಿನದಲ್ಲಿ ನಿಮ್ಮ ಮನೆಯ ಹಿರಿಯರೊಬ್ಬರನ್ನು ಅವರ ಕೆಲಸದ ನಡುವೆ, ಬಾಗಿಲ ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ. ಮತ್ತೆ ಮೊಬೈಲನ್ನು ಮಗಳ ಕೈಗೋ ಯಜಮಾನರ ಕೈಗೋ ಕೊಟ್ಟು ನಿಮ್ಮದೂ ಒಂದು ತೆಗೆಸಿಕೊಳ್ಳಿ. ಫೋಟೋ ತೆಗೆಯುವವಳು ಯಾವ ಫೋಟೋದಲ್ಲೂ ಇರುವುದಿಲ್ಲ, ನೆನಪಿರಲಿ.