ಜರ್ಮನ್ ರಕ್ತದ ಲೆಕ್ಕ

ಋಷಿಮೂಲವನ್ನೂ ನದಿಮೂಲವನ್ನೂ ಕೆದಕಬಾರದೆಂಬುದು ನಮ್ಮ ಹಿರಿಯರ ಮಾತು. ಅಮೆರಿಕೆಯಲ್ಲಾದರೋ ತನ್ನ ಮೂಲವನ್ನು ಕೆದಕಿ ನೋಡುವುದು ಇಂದು ಮನೆಮನೆಯ ಹವ್ಯಾಸವಾಗಿದೆ. 2020ರ ಜನಗಣತಿಯಲ್ಲಿ ಸುಮಾರು ನಾಲ್ಕೂವರೆ ಕೋಟಿ ಅಮೆರಿಕನ್ನರು ತಮ್ಮ ಮೂಲ ಪೂರ್ತಿಯಾಗಿಯೋ ಭಾಗಶಃವೋ ಜರ್ಮನ್ ಎಂದು ಬರೆಸಿದರು. ಬರೆಸಿದ ಮೇಲೆ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ: ನನ್ನಲ್ಲಿ ಜರ್ಮನ್ ಅಂಶ ಎಷ್ಟು?

ಕಾಗದದ ಮೇಲೆ ಈ ಲೆಕ್ಕ ಸುಲಭ. ಅಜ್ಜಿಯೊಬ್ಬಳು ಜರ್ಮನಿಯವಳಾದರೆ ಕಾಲುಪಾಲು. ಮುತ್ತಜ್ಜಿಯಾದರೆ ಎಂಟರಲ್ಲೊಂದು ಪಾಲು. ದೇಹವು ಇಷ್ಟು ಅಚ್ಚುಕಟ್ಟಾಗಿ ಲೆಕ್ಕವಿಡುವುದಿಲ್ಲ. ತಂದೆತಾಯಿಗಳಿಂದ ಅರ್ಧರ್ಧ ಬರುವುದು ನಿಜ. ಆದರೆ ತಂದೆ ಕೊಡುವ ಅರ್ಧದಲ್ಲಿ ಅವನ ತಾಯಿಯದೆಷ್ಟು, ತಂದೆಯದೆಷ್ಟು ಎಂಬುದು ಪ್ರತಿಯೊಂದು ಮಗುವಿನಲ್ಲಿಯೂ ಬೇರೆಯಾಗುತ್ತದೆ. ಆದುದರಿಂದಲೇ ಒಡಹುಟ್ಟಿದವರಿಬ್ಬರ ಪರೀಕ್ಷೆಯ ಫಲ ಒಂದೇ ಆಗಿರುವುದಿಲ್ಲ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1024 ಸ್ಥಾನಗಳಿರುತ್ತವೆ. ಅಲ್ಲಿದ್ದ ಹಲವರು ನಮ್ಮ ದೇಹದಲ್ಲಿ ಒಂದು ತುಣುಕನ್ನೂ ಉಳಿಸದೆ ಹೋಗಿರಬಹುದು.

ಎಂಜಲನ್ನು ಪರೀಕ್ಷಿಸಿ ಶೇಕಡಾವಾರು ಉತ್ತರ ಕೊಡುವ ಸಂಸ್ಥೆಗಳು ಮಾಡುವುದಾದರೂ ಏನು? ಅಲ್ಲಲ್ಲಿ ಬಹುಕಾಲದಿಂದ ನೆಲೆಸಿದ ಮನೆತನಗಳ ಇಂದಿನ ಜನರ ಮಾದರಿಗಳೊಡನೆ ನಮ್ಮದನ್ನು ಹೋಲಿಸಿ ನೋಡುತ್ತವೆ. ಮಾದರಿಗಳ ಗುಂಪು ಬದಲಾದರೆ, ಮನುಷ್ಯ ಅವನೇ ಇದ್ದರೂ, ಶೇಕಡಾ ಬದಲಾಗುತ್ತದೆ. ಫ್ರೆಂಚರನ್ನೂ ಜರ್ಮನರನ್ನೂ ಬೇರ್ಪಡಿಸಲಾರದೆ ಒಂದೇ ಗುಂಪಿನಲ್ಲಿ ತೋರಿಸಿದ ಸಂಸ್ಥೆಯೂ ಉಂಟು. ಶತಮಾನಗಳ ಕಾಲ ಕಾದಾಡಿದ ಎರಡು ಜನಾಂಗಗಳ ನಡುವಣ ಗಡಿ ರಕ್ತಕ್ಕೆ ಕಾಣಿಸದೆ ಹೋಯಿತು!

ಇಷ್ಟಕ್ಕೂ ‘ಜರ್ಮನ್’ ಎಂದರೆ ಯಾರು? ಕನ್ನಡಿಗರಾದ ನಮಗೆ ಇದರ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ್ದು ವುರ್ಟೆಂಬರ್ಗ್ ರಾಜ್ಯದಲ್ಲಿ. ನಿಘಂಟುಕಾರ ಕಿಟ್ಟೆಲ್ 1832ರಲ್ಲಿ ಹುಟ್ಟಿದಾಗ ಅವರ ಊರು ಹ್ಯಾನೋವರ್ ಅರಸರ ಆಳ್ವಿಕೆಯಲ್ಲಿತ್ತು. ಅವರನ್ನು ಕಳುಹಿಸಿದ ಮಿಷನ್ನಿನ ಬಾಸೆಲ್ ನಗರವೋ ಸ್ವಿಟ್ಜರ್ಲೆಂಡಿನದು. ಜರ್ಮನಿಯೆಂಬ ಏಕರಾಜ್ಯ ಹುಟ್ಟಿದ್ದು 1871ರಲ್ಲಿ. ಇವರನ್ನು ನಾವು ಜರ್ಮನರೆಂದು ಕರೆಯುವುದು ಅವರ ಭಾಷೆಯಿಂದ, ಸಂಸ್ಕಾರದಿಂದ. ರಕ್ತವನ್ನು ತೂಗಿ ನೋಡಿ ಅಲ್ಲ.

ತೂಗಿ ನೋಡಿದ ಕಾಲವೂ ಒಂದಿತ್ತು. 1935ರ ನ್ಯೂರೆಂಬರ್ಗ್ ಶಾಸನಗಳು ಮನುಷ್ಯನ ಯೋಗ್ಯತೆಯನ್ನು ಅವನ ನಾಲ್ವರು ಅಜ್ಜ-ಅಜ್ಜಿಯರಿಂದ ಅಳೆದುವು. ಮೂವರೋ ನಾಲ್ವರೋ ಯೆಹೂದ್ಯರಾಗಿದ್ದರೆ ಅವನು ಯೆಹೂದ್ಯ. ಒಬ್ಬರೋ ಇಬ್ಬರೋ ಆಗಿದ್ದರೆ ಸಾಮಾನ್ಯವಾಗಿ ‘ಮಿಶ್ರ’. ಆದರೆ ಅಜ್ಜ ಯೆಹೂದ್ಯನೆಂದು ತಿಳಿಯುವುದು ಹೇಗೆ? ರಕ್ತದಲ್ಲಿ ಅದರ ಗುರುತು ಇರಲಿಲ್ಲವಾಗಿ, ಅವನು ಯೆಹೂದ್ಯ ಧರ್ಮಸಮುದಾಯಕ್ಕೆ ಸೇರಿದ್ದನೇ ಎಂದು ದಾಖಲೆಗಳಲ್ಲಿ ನೋಡಿದರು. ಕುಲದ ಶಾಸ್ತ್ರವೆಂದು ಹೆಮ್ಮೆಪಟ್ಟದ್ದು ಕೊನೆಗೆ ಧರ್ಮದ ಕಡತಕ್ಕೆ ಬಂದು ನಿಂತಿತು. ಜನರು ತಮ್ಮ ‘ಆರ್ಯತ್ವ’ದ ಸಾಕ್ಷ್ಯಕ್ಕಾಗಿ ಇಗರ್ಜಿಗಳ ದೀಕ್ಷಾಸ್ನಾನದ ಪುಸ್ತಕಗಳನ್ನು ತಿರುವಿಹಾಕಿದರು. 1941ರ ನವೆಂಬರಿನಲ್ಲಿ, ದೇಶ ಬಿಟ್ಟು ಹೊರಗಿದ್ದ ಯೆಹೂದ್ಯರ ಪೌರತ್ವವನ್ನು ಒಂದೇ ಆಜ್ಞೆಯಿಂದ ಕಿತ್ತುಕೊಳ್ಳಲಾಯಿತು. ಲೆಕ್ಕದ ಕೊನೆಯ ಸಾಲು ಹತ್ಯಾಶಿಬಿರದಲ್ಲಿ ಬರೆಯಲ್ಪಟ್ಟಿತು.

1949ರ ಜರ್ಮನ್ ಸಂವಿಧಾನದ 116ನೆಯ ವಿಧಿಯು ಹಾಗೆ ಪೌರತ್ವ ಕಳೆದುಕೊಂಡವರಿಗೂ ಅವರ ಸಂತತಿಗೂ ಅದನ್ನು ಮರಳಿ ಪಡೆಯುವ ಹಕ್ಕನ್ನು ಕೊಟ್ಟಿತು. ಹಿಂದೆ ಹೊರದೂಡುವುದಕ್ಕೆ ಬಳಕೆಯಾದ ಹಳೆಯ ದಾಖಲೆಗಳೇ ಈಗ ಒಳಕ್ಕೆ ಕರೆತರುವ ಸಾಕ್ಷಿಗಳಾಗಿವೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಇಂದಿನ ಪೌರತ್ವದ ಕಾನೂನು ಶೇಕಡಾವನ್ನು ಕೇಳುವುದೇ ಇಲ್ಲ. ಹುಟ್ಟಿದಾಗ ತಂದೆಯೋ ತಾಯಿಯೋ ಜರ್ಮನ್ ಪೌರರಾಗಿದ್ದರೇ ಎಂಬುದಷ್ಟೇ ಮುಖ್ಯ ಪ್ರಶ್ನೆ. ಹಿಂದೆ, 1975ಕ್ಕೆ ಮುಂಚೆ, ಪರದೇಶದವನನ್ನು ಮದುವೆಯಾದ ತಾಯಿಯ ಮಗುವಿಗೆ ತಾಯಿಯ ಪೌರತ್ವ ಬರುತ್ತಿದ್ದುದು ವಿರಳ; ಸಂವಿಧಾನ ಬಂದ ಮೇಲೆ ಹುಟ್ಟಿ ಹೀಗೆ ವಂಚಿತರಾದವರೂ ಅವರ ಮಕ್ಕಳೂ ಘೋಷಣೆಯ ಮೂಲಕ ಅದನ್ನು ಪಡೆಯಲು 2021ರ ತಿದ್ದುಪಡಿ ಹತ್ತು ವರ್ಷಗಳ ಅವಕಾಶ ಕೊಟ್ಟಿದೆ. 2000ದಿಂದೀಚೆಗೆ ಅಲ್ಲಿ ಬಹುಕಾಲ ನೆಲೆಸಿದ ಪರದೇಶೀಯರ ಮಗು ಆ ನೆಲದಲ್ಲಿ ಹುಟ್ಟಿದ ಕಾರಣದಿಂದಲೇ ಜರ್ಮನ್ ಪೌರನಾಗಬಲ್ಲುದು. 2024ರ ಜೂನಿನಿಂದ, ಹೊಸದಾಗಿ ಪೌರರಾಗುವವರು ತಮ್ಮ ಹಳೆಯ ಪೌರತ್ವವನ್ನು ಬಿಡಬೇಕೆಂಬ ನಿಯಮವನ್ನೂ ಜರ್ಮನಿ ಕೈಬಿಟ್ಟಿದೆ.

ಇಷ್ಟಾಗಿಯೂ ಹಳೆಯ ಲೆಕ್ಕ ಸತ್ತಿಲ್ಲ. ವಲಸೆಯ ಮನೆತನಗಳಿಂದ ಬಂದ ಪೌರರನ್ನು ‘ಪಾಸ್‌ಪೋರ್ಟಿನ ಜರ್ಮನರು’ ಎಂದು ಹೀಗಳೆಯುವವರು ಅಲ್ಲಿದ್ದಾರೆ. ಅಂಥ ಪೌರರನ್ನೂ ಒಳಗೊಂಡು ಜನರನ್ನು ಹೊರಕಳುಹಿಸುವ ಯೋಜನೆಯ ಚರ್ಚೆ ಪೋಟ್ಸ್‌ಡಾಮಿನ ಒಂದು ಸಭೆಯಲ್ಲಿ ನಡೆದಿತ್ತೆಂಬ ವರದಿ 2024ರ ಜನವರಿಯಲ್ಲಿ ಪ್ರಕಟವಾದಾಗ, ಲಕ್ಷಾಂತರ ಜನ ಬೀದಿಗಿಳಿದು ಪ್ರತಿಭಟಿಸಿದರು. ಮರುವರ್ಷದ ಚುನಾವಣೆಯಲ್ಲಿ, ವಲಸೆಯ ವಿರೋಧವನ್ನೇ ಮುಂದುಮಾಡಿದ ಬಲಪಂಥೀಯ ಪಕ್ಷ ಶೇಕಡಾ 20.8 ಮತಗಳನ್ನು ಗಳಿಸಿ ಎರಡನೆಯ ಸ್ಥಾನಕ್ಕೆ ಬಂದಿತು. ಇವೆರಡೂ ಒಂದೇ ದೇಶದ ಮುಖಗಳು. ಜನಾಂಗದ ಮೂಲವನ್ನು ಆಧರಿಸಿ ರಾಷ್ಟ್ರದ ಜನತೆಯನ್ನು ನಿರ್ಣಯಿಸಿ ಉಳಿದವರನ್ನು ಕೀಳಾಗಿಸುವುದು ಮಾನವಘನತೆಗೆ ವಿರುದ್ಧವೆಂದು ಅಲ್ಲಿಯ ಸಂವಿಧಾನ ನ್ಯಾಯಾಲಯ 2017ರಲ್ಲಿಯೇ ಸಾರಿತ್ತು. ಆದರೆ ನ್ಯಾಯಾಲಯದ ತೀರ್ಪು ಜನಮನದ ತೀರ್ಪಾಗಲು ಕಾಲ ಹಿಡಿಯುತ್ತದೆ.

ಮುತ್ತಜ್ಜಿಯ ಊರನ್ನು ಹುಡುಕುವ ಅಮೆರಿಕನ್ನನನ್ನು ನಾನು ಆಕ್ಷೇಪಿಸುವವನಲ್ಲ. ಅವಳು ಏರಿದ ಹಡಗು, ಬಿಟ್ಟುಬಂದ ಮನೆ, ಮರೆತುಹೋದ ಭಾಷೆ ಇವುಗಳನ್ನು ಅರಿಯುವ ಹಂಬಲ ಕೃತಜ್ಞತೆಯ ಒಂದು ರೂಪ. ಆದರೆ ಆ ಹಂಬಲವನ್ನು ತೀರಿಸುವುದು ಪತ್ರಗಳು, ದಾಖಲೆಗಳು, ಮನೆಯ ಹಿರಿಯರ ನೆನಪುಗಳು. ಶೇಕಡಾವಾರು ಅಂಕಿ ಅವಳ ಹೆಸರನ್ನು ಕೂಡ ಹೇಳಲಾರದು. ಜಾತಿಯ ತಕ್ಕಡಿಯನ್ನು ಇನ್ನೂ ಕೆಳಗಿಡದ ನಮಗೆ ಜರ್ಮನಿಯ ಈ ಕಥೆ ಪರದೇಶದ ಸುದ್ದಿಯೆಂದು ನನಗೆ ತೋರುವುದಿಲ್ಲ. ಪೂರ್ವಿಕರನ್ನು ನೆನೆಯುವುದಕ್ಕಾಗಿ ಹಾಕಿದ ಲೆಕ್ಕವನ್ನು ನೆರೆಯವನನ್ನು ಅಳೆಯುವುದಕ್ಕೆ ಬಳಸತೊಡಗಿದ ದಿನವೇ ಸಮಾಜ ಎಚ್ಚರಗೊಳ್ಳಬೇಕು.