ಗರಸು ದಾರಿಯನ್ನು ಹಳಿಯಬೇಡಿ, ದುರಸ್ತು ಮಾಡಿ



ತಾಳವಾಡಿ, ಆಸನೂರು, ನೀಲಗಿರಿ, ವಯನಾಡು ಎಲ್ಲಿಗೇ ಹೋಗಿ, ನಾಲ್ಕು ಜನ ಸೇರಿದಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ: "ನಮ್ಮ ಊರಿಗೆ ಟಾರು ರಸ್ತೆ ಯಾವಾಗ?" ಕೇಳುವುದು ತಪ್ಪಲ್ಲ. ಬಸ್ಸು ಬರುವ ದಾರಿಗೆ ಟಾರು ಬೇಕು. ಆಲೂಗೆಡ್ಡೆ, ಎಲೆಕೋಸು ಹೇರಿದ ಲಾರಿ ಪೇಟೆಗೆ ಇಳಿಯುವ ದಾರಿಗೂ ಬೇಕು. ಆದರೆ ಬಸ್ಸಿನ ದಾರಿಯಿಂದ ಕವಲೊಡೆದು ಕಾಡಂಚಿನ ದೊಡ್ಡಿಗೆ, ಹಟ್ಟಿಗೆ, ಹೊಲಕ್ಕೆ ಹೋಗುವ ಗರಸು ದಾರಿಗಳ ಗತಿ ಏನು? ಇಂದಲ್ಲ ನಾಳೆ ಟಾರು ಬಂದೀತೆಂದು ಯಾರೂ ಅವುಗಳ ಮೇಲೆ ಗುದ್ದಲಿ ಆಡಿಸುವುದಿಲ್ಲ. ಟಾರೂ ಬರುವುದಿಲ್ಲ, ಗರಸೂ ಉಳಿಯುವುದಿಲ್ಲ. ಎರಡು ಮಳೆಗಾಲ ಕಳೆದರೆ ದಾರಿಯೇ ಹಳ್ಳವಾಗಿರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕವಲು ದಾರಿಗಳು ಟಾರಿಗಾಗಿ ಕಾಯತಕ್ಕವಲ್ಲ. ಇವುಗಳನ್ನು ಒಳ್ಳೆಯ ಗರಸು ದಾರಿಗಳನ್ನಾಗಿಯೇ ಕಟ್ಟಿ, ಹೊರಗಿನ ಮೋಟಾರುಗಳಿಗೆ ತಡೆ ಹಾಕಿ, ನಮ್ಮ ಕಾಲಿಗೂ ಸೈಕಲ್ಲಿಗೂ ಉಳಿಸಿಕೊಳ್ಳಬೇಕು.

ಸೈಕಲ್ಲಿನ ಮಾತೇಕೆ ಬಂತು ಎನ್ನುವಿರಾ? ತಮಿಳುನಾಡಿನಲ್ಲಿ ಸರಕಾರಿ ಶಾಲೆಯ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಸರಕಾರವೇ ಸೈಕಲ್ಲು ಕೊಡುತ್ತದೆ. ದೂರದ ಹಳ್ಳಿಯ ಹೆಣ್ಣುಮಗಳು ಓದು ಬಿಡದಿರಲಿ ಎಂಬುದು ಅದರ ಉದ್ದೇಶ. ಬಯಲು ಸೀಮೆಯಲ್ಲಿ ಅದು ನೆರವೇರುತ್ತದೆ. ನಮ್ಮ ಮಲೆಯ ದಾರಿಯಲ್ಲಿ ಮೊಣಕಾಲುದ್ದದ ಕೊರಕಲು, ಮುಷ್ಟಿಗಾತ್ರದ ಕಲ್ಲು. ಕೂಸು ಸೈಕಲ್ಲನ್ನು ಏರುವುದಕ್ಕಿಂತ ತಳ್ಳುವುದೇ ಹೆಚ್ಚು. ಕಡೆಗೆ ಅದು ಗೋಡೆಗೊರಗಿ ತುಕ್ಕು ಹಿಡಿಯುತ್ತದೆ. ಕೊಟ್ಟ ಸೈಕಲ್ಲು ವ್ಯರ್ಥವಾಗುವುದು ಸೈಕಲ್ಲಿನ ದೋಷದಿಂದಲ್ಲ, ದಾರಿಯ ದೋಷದಿಂದ.

ಇತ್ತ ಪಟ್ಟಣಿಗರ ಸಂಗತಿ ನೋಡಿ. ಮೋಟಾರಿನ ಹೊಗೆಗೂ ಗದ್ದಲಕ್ಕೂ ಬೇಸತ್ತವರು ಈಗ ಕಾಡುಗುಡ್ಡಗಳ ನಡುವಿನ ಜಲ್ಲಿ ದಾರಿಯನ್ನೇ ಹುಡುಕಿಕೊಂಡು ಹೋಗಿ ಸೈಕಲ್ ಹೊಡೆಯುತ್ತಾರೆ. ಅದಕ್ಕೆಂದೇ ಗ್ರಾವೆಲ್ ಸೈಕಲ್ಲು ಎಂಬ ಬೇರೆ ಜಾತಿಯೇ ಹುಟ್ಟಿದೆ. ಲಕ್ಷ ರೂಪಾಯಿ ದಾಟುವವೂ ಉಂಟು. ಅದರ ಟೈರಿನ ಅಗಲ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರು. ನಮ್ಮ ಹಾಲಿನವನ ಹಳೆಯ ಕಪ್ಪು ಸೈಕಲ್ಲಿನ 28 ಅಂಗುಲದ ಟೈರನ್ನು ಅಳೆದು ನೋಡಿ: ಅದೂ ಒಂದೂವರೆ ಅಂಗುಲ, ಎಂದರೆ ಹೆಚ್ಚು ಕಡಿಮೆ 40 ಮಿಲಿಮೀಟರು! ಟೈರಿನ ಅಗಲದಲ್ಲಿ ನಾವು ಹಿಂದುಳಿದಿಲ್ಲ. ಅವರ ಸೈಕಲ್ಲಿನಲ್ಲಿ ಹೆಚ್ಚಿಗೆ ಇರುವುದು ಏರಿಗೆ ಬೇಕಾದ ಗೇರು, ಇಳಿಜಾರಿನಲ್ಲಿ ಮಳೆಯಲ್ಲೂ ಹಿಡಿಯುವ ಬ್ರೇಕು. ಮಲೆಯ ಮಕ್ಕಳಿಗೆ ಕೊಡುವ ಸೈಕಲ್ಲಿಗೂ ಇವೆರಡು ಇರಲಿ ಎಂದು ನಾವು ಕೇಳಬೇಕು.

ಇಂಥ ಸವಾರಿಗೆ ಹೆಸರಾದ ಒಂದು ಕಾಡು ಇಂಗ್ಲೆಂಡಿನಲ್ಲಿದೆ. ಅದೂ ನಮ್ಮದರಂತೆ ಗಡಿನಾಡೇ; ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವೆ ನಾರ್ತಂಬರ್‌ಲೆಂಡ್ ಸೀಮೆಯಲ್ಲಿರುವ ಕೀಲ್ಡರ್ ಕಾಡು. ಒಂದು ಕಾಲಕ್ಕೆ ಅಲ್ಲಿ ಗಡಿಯ ಎರಡು ಕಡೆಯವರೂ ರಾತ್ರಿ ನುಗ್ಗಿ ಒಬ್ಬರ ದನಗಳನ್ನು ಇನ್ನೊಬ್ಬರು ಹೊಡೆದುಕೊಂಡು ಹೋಗುತ್ತಿದ್ದರು. ಅಂಥವರಿಗೆ ರೀವರ್ ಎಂದು ಹೆಸರು. 1926ರಲ್ಲಿ ಅಲ್ಲಿಯ ಬೋಳು ಗುಡ್ಡಗಳಲ್ಲಿ ಅರಣ್ಯ ಇಲಾಖೆಯವರು ಸಸಿ ನೆಡತೊಡಗಿದರು. ಇಂದು ಅದು 600 ಚದರ ಕಿಲೋಮೀಟರಿಗೂ ಮಿಕ್ಕ ನೆಟ್ಟ ಕಾಡು. ಕಡಿದ ಮರ ಸಾಗಿಸಲು ಗುಡ್ಡದಿಂದ ಗುಡ್ಡಕ್ಕೆ ಜಲ್ಲಿ ದಾರಿ ಹಾಕಿದರು. 2016ರಿಂದ ಈ ದಾರಿಗಳ ಮೇಲೆ ಡರ್ಟಿ ರೀವರ್ ಎಂಬ 200 ಕಿಲೋಮೀಟರಿನ ಸೈಕಲ್ ಸವಾರಿ ನಡೆಯುತ್ತಿದೆ. ದನಗಳ್ಳರ ಹೆಸರೇ ಇಂದು ಅಲ್ಲಿಗೆ ಜನರನ್ನು ಕರೆತರುತ್ತದೆ!

ಇದರಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಆ ದಾರಿಗಳನ್ನು ಸೈಕಲ್ಲಿಗೆಂದು ಕಟ್ಟಿದ್ದಲ್ಲ. ಮರ ಹೇರಿದ ಲಾರಿಯನ್ನು ತಾಳುವಂತೆ, ಮಳೆನೀರು ನಿಲ್ಲದಂತೆ, ಬದಿಯಲ್ಲಿ ಚರಂಡಿ ತೋಡಿ ಕಟ್ಟಿದ್ದು. ಮರ ಕಡಿಯುವ ಕೆಲಸ ನಡೆಯುವ ಕಡೆ ಸವಾರರನ್ನು ಬಿಡುವುದಿಲ್ಲ. ಮೊದಲು ದುಡಿಮೆ, ಆಮೇಲೆ ವಿಹಾರ. ನಮಗೂ ಈ ಕ್ರಮವೇ ಸರಿ. ದಾರಿ ಮೊದಲು ನಮ್ಮ ಹೊಲಕ್ಕೆ, ನಮ್ಮ ಶಾಲೆಗೆ. ಬಂದ ನೆಂಟರಿಗೆ ಅನಂತರ.

ಹಾಗೆಂದು ಕೀಲ್ಡರನ್ನು ಇದ್ದಂತೆ ಇಲ್ಲಿ ಇಳಿಸಲಾಗದು. ಅಲ್ಲಿ ಜಿಂಕೆಗಿಂತ ದೊಡ್ಡ ಕಾಡುಮೃಗವಿಲ್ಲ. ನಮ್ಮಲ್ಲಿ ಆನೆ ಇದೆ, ಹುಲಿ ಇದೆ. ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಸೈಕಲ್ಲು ಸದ್ದಿಲ್ಲದೆ ಹೋಗುತ್ತದೆ. ತಿರುವಿನಲ್ಲಿ ಆನೆ ಎದುರಾಗುವವರೆಗೆ ಆನೆಗೂ ತಿಳಿಯದು, ಸವಾರನಿಗೂ ತಿಳಿಯದು. ಆದುದರಿಂದ ನಾನು ಹೇಳುವುದು ಒಳಕಾಡಿನ ಮಾತಲ್ಲ. ಅಲ್ಲಿಗೆ ಅಪ್ಪಣೆಯಿಲ್ಲದೆ ಹೊರಗಿನವರು ಹೋಗುವುದು 1972ರ ವನ್ಯಜೀವಿ ಕಾಯಿದೆಗೆ ವಿರೋಧ. ಊರಿಂದೂರಿಗೆ ಇರುವ ದಾರಿ, ಬಿಸಿಲೇರಿದ ಮೇಲೆ ಹೊರಟು ಸಂಜೆಗೆ ಮುನ್ನ ಮರಳುವ ಸವಾರಿ, ಜೊತೆಗೆ ಕಾಡು ಬಲ್ಲ ನಮ್ಮ ಸೋಲಿಗರ ಹುಡುಗನೊಬ್ಬ. ಇಷ್ಟರೊಳಗೇ ನಡೆಯತಕ್ಕದ್ದು.

ಇನ್ನು ದಾರಿ ಕಟ್ಟುವ ಮಾತು. ಹೊಲಕ್ಕೆ ಬದು ಹಾಕಬಲ್ಲ ರೈತನಿಗೆ ಇದನ್ನು ಇಂಜಿನಿಯರು ಬಂದು ಕಲಿಸಬೇಕಾದುದಿಲ್ಲ. ಮಣ್ಣುದಾರಿಗೆ ಚಕ್ರಕ್ಕಿಂತ ನೀರೇ ದೊಡ್ಡ ಶತ್ರು. ದಾರಿಯ ನಡು ಆಮೆಯ ಬೆನ್ನಿನಂತೆ ಉಬ್ಬಿರಬೇಕು. 3 ಮೀಟರು ಅಗಲದ ದಾರಿಗೆ ನಡುಮಧ್ಯ ಅಂಚಿಗಿಂತ 6 ಸೆಂಟಿಮೀಟರು ಎತ್ತರವಿದ್ದರೆ ಸಾಕು, ಬಿದ್ದ ನೀರು ಬದಿಗೆ ಜಾರುತ್ತದೆ. ಗುಡ್ಡದ ಕಡೆಗೆ ಚರಂಡಿ ಇರಲೇಬೇಕು. ಇಳಿಜಾರು ಉದ್ದವಾಗಿದ್ದರೆ ಅಲ್ಲಲ್ಲಿ ಓರೆಯಾಗಿ ಅಡ್ಡಗಾಲುವೆ ತೆಗೆದು, ಕಲ್ಲು ಹಾಸಿ, ನೀರನ್ನು ಪೊದೆಯ ಕಡೆಗೆ ಬಿಡಬೇಕು. ನೀರು ದಾರಿಯ ಮೇಲೆಯೇ ಓಡುತ್ತ ಹೋದಷ್ಟೂ ಅದಕ್ಕೆ ಬಲ ಬರುತ್ತದೆ, ಕೊರಕಲು ಆಳವಾಗುತ್ತದೆ.

ಗರಸಿನಲ್ಲಿ ಬರೀ ಕಲ್ಲಿದ್ದರೆ ಚಕ್ರಕ್ಕೆ ಸಿಡಿಯುತ್ತದೆ. ಬರೀ ಜೇಡಿಯಿದ್ದರೆ ಮಳೆಗೆ ಕೆಸರಾಗುತ್ತದೆ. ಕಲ್ಲು, ಮರಳು, ಸ್ವಲ್ಪ ಜೇಡಿ ಮೂರೂ ಬೆರೆತಿರಬೇಕು. ಮೇಲಿನ ಪದರದಲ್ಲಿ ನೆಲ್ಲಿಕಾಯಿಗಿಂತ ದಪ್ಪನೆಯ ಕಲ್ಲು ಬೇಡ. ಮಳೆ ನಿಂತು ನೆಲದ ಹಸಿ ಆರುವ ಮುನ್ನ ಹರಡಿ ರೋಲರು ಹೊಡೆಸಬೇಕು. ರೋಲರು ಬಾರದ ಕಡೆ ದಿಮ್ಮಸು ಹಾಕಬೇಕು. ಚರಂಡಿಯ ಹೂಳನ್ನು ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ ತೆಗೆಯಬೇಕು. ಇದೆಲ್ಲ ಊರಿನ ಕೈಗಳೇ ಮಾಡಬಲ್ಲ ಕೆಲಸ. ಕೂಲಿಯ ಹಣ ಊರಿನಲ್ಲೇ ಉಳಿಯುತ್ತದೆ.

ಹೀಗೆ ಕಟ್ಟಿದ ದಾರಿಯನ್ನು ಕೆಡಿಸುವುದು ಯಾವುದು? ವೇಗವಾಗಿ ಓಡುವ ಮೋಟಾರು. ಅದರ ಚಕ್ರ ಗರಸನ್ನು ಕೆದಕಿ, ದಾರಿಯನ್ನು ಶೀಟಿನ ಮಡಿಕೆಗಳಂತೆ ಅಲೆಅಲೆಯಾಗಿಸುತ್ತದೆ. ಎಬ್ಬಿಸಿದ ಧೂಳು ಬದಿಯ ಹಿಪ್ಪುನೇರಳೆಯ ಮೇಲೆ ಕೂರುತ್ತದೆ. ಆ ಸೊಪ್ಪನ್ನು ಹುಳುವಿಗೆ ಹಾಕುವುದು ಹೇಗೆ? ಸೈಕಲ್ಲಿನಿಂದ ಇವೆರಡೂ ಇಲ್ಲ. ಟಾರು ಹಾಕಿದರೋ, ಒಳದಾರಿ ಸಿಕ್ಕಿತೆಂದು ಹೊರಗಿನ ಕಾರುಗಳೆಲ್ಲ ನಮ್ಮ ಹಟ್ಟಿಯ ನಡುವೆಯೇ ನುಗ್ಗುತ್ತವೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಮೋಟಾರು ಮಿತಿಮೀರಿದರೆ ಆಗುವುದೇನೆಂದು ದೊಡ್ಡ ದಾರಿಗಳಲ್ಲೇ ಕಂಡಿದ್ದೇವೆ. 27 ತಿರುವುಗಳ ದಿಂಬಂ ಘಾಟಿಯಲ್ಲಿ ರಾತ್ರಿಯ ಸಂಚಾರಕ್ಕೆ ಕಡಿವಾಣ ಹಾಕುವಂತೆ 2022ರಲ್ಲಿ ಮದ್ರಾಸ್ ಹೈಕೋರ್ಟು ಹೇಳಬೇಕಾಯಿತು. ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸು ಬಂದಿತು. ದೊಡ್ಡ ದಾರಿಯಲ್ಲಿ ಕೆಟ್ಟ ಮೇಲೆ ತಿದ್ದಿಕೊಂಡದ್ದನ್ನು ಸಣ್ಣ ದಾರಿಯಲ್ಲಿ ಕೆಡುವ ಮೊದಲೇ ತಡೆಯಬಾರದೇಕೆ?

"ರಾತ್ರಿ ಹೆರಿಗೆ ನೋವು ಬಂದರೆ ಸೈಕಲ್ಲಿನ ಮೇಲೆ ಕೂರಿಸುವುದೆ?" ಎಂದು ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. ರೋಗಿಯನ್ನು ಜೋಲಿಯಲ್ಲಿ ಹೊತ್ತು ಕಾಡು ದಾಟಿಸಿದ ದುಃಖ ಮಲೆಯ ಜನಕ್ಕೆ ಹೊಸದಲ್ಲ. ಆ ದುಃಖ ತೀರಲೆಂದೇ ನಾನು ಗರಸು ದಾರಿಯ ಮಾತೆತ್ತಿದ್ದು. ನೀರು ನಿಲ್ಲದ, ಬಿಗಿಯಾಗಿ ಕೂರಿಸಿದ ಗರಸಿನ ಮೇಲೆ ಆಂಬುಲೆನ್ಸು ನಿರಾತಂಕವಾಗಿ ಬರುತ್ತದೆ. ದಾರಿಯ ಬಾಯಲ್ಲಿ ಗೇಟು ಇರಲಿ. ಅದರ ಬೀಗದ ಕೈ ಊರವರ ಬಳಿ ಇರಲಿ. ಆಂಬುಲೆನ್ಸು, ನಮ್ಮ ಟ್ರ್ಯಾಕ್ಟರು, ನಮ್ಮವರ ವಾಹನ ಇವಕ್ಕೆ ತಡೆಯಿಲ್ಲ. ತಡೆ ಇರುವುದು ಮೋಜಿಗೆ ನುಗ್ಗುವವರಿಗೆ. ಟಾರಿನ ಕನಸಿನಲ್ಲಿ ಹತ್ತು ವರ್ಷ ಕಾಯುವುದಕ್ಕಿಂತ ಈ ವರ್ಷವೇ ಆಂಬುಲೆನ್ಸು ಬರುವ ಗರಸು ದಾರಿ ಮೇಲಲ್ಲವೆ?

ಕಾಯಿದೆಯೂ ಇದಕ್ಕೆ ಅಡ್ಡಿಯಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಕಾಡಿನ ನಿವಾಸಿಗಳ ಊರಿಗೆ ದಾರಿ ಮುಂತಾದ ಸೌಕರ್ಯಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಕೊಡಲು ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಇರಬೇಕು. ಲೆಕ್ಕ ಹಾಕಿ: 3 ಮೀಟರು ಅಗಲವಾದರೆ ಇಷ್ಟರಲ್ಲೇ 3 ಕಿಲೋಮೀಟರು ದಾರಿ ಆಗುತ್ತದೆ. ಅಗಲವಾದ ಟಾರು ರಸ್ತೆ ಕೇಳಿದರೆ ಅಷ್ಟು ದೂರ ಬಾರದು.

ದಾರಿ ಚೆನ್ನಾದರೆ ಪಟ್ಟಣದ ಸವಾರನೂ ಬಂದಾನು. ಬರಲಿ. ಬಂದವನು ಕಾರನ್ನು ಬಸ್ಸಿನ ದಾರಿಯಲ್ಲೇ ನಿಲ್ಲಿಸಿ, ಗೇಟಿನಲ್ಲಿ ಪಂಚಾಯಿತಿಗೆ ಕಾಸು ಕೊಟ್ಟು, ನಮ್ಮ ಹುಡುಗನ ಜೊತೆ ಸವಾರಿ ಮಾಡಿ, ನಮ್ಮ ಮನೆಯ ರಾಗಿ ಮುದ್ದೆ ಉಪ್ಪೆಸರು ಉಂಡು ಹೋಗಲಿ. ಆ ಕಾಸು ಚರಂಡಿಯ ಹೂಳೆತ್ತಲು ಆದೀತು. ಆದರೆ ಅವನನ್ನೇ ನಂಬಿ ದಾರಿ ಕಟ್ಟಬೇಡಿ. ಅವನು ಬಂದರೂ ಬರದಿದ್ದರೂ ಆ ದಾರಿಯಲ್ಲಿ ನಾಳೆ ಬೆಳಿಗ್ಗೆ ನಮ್ಮ ಮಗಳು ಶಾಲೆಗೆ ಹೋಗಬೇಕು.

ಮುಂದಿನ ಗ್ರಾಮಸಭೆಯಲ್ಲಿ ಟಾರಿನ ಅರ್ಜಿಯ ಜೊತೆಗೆ ಇನ್ನೊಂದು ಅರ್ಜಿ ಇರಲಿ: ಯಾವ ಕವಲು ದಾರಿಗೆ ಎಷ್ಟು ಗಾಡಿ ಗರಸು, ಎಷ್ಟು ಉದ್ದದ ಚರಂಡಿ, ಎಲ್ಲೆಲ್ಲಿ ಅಡ್ಡಗಾಲುವೆ, ಎಲ್ಲಿ ಗೇಟು. ಊರವರೇ ನಡೆದು ನೋಡಿ, ಅಳೆದು, ಬರೆದು ಕೊಡಿ. ಗೋಡೆಗೊರಗಿದ ಸೈಕಲ್ಲು ದಾರಿಗಿಳಿಯುವ ದಿನ ಬೇಗ ಬಂದೀತು.