ಒಂದು ಗುಳಿಗೆಗೆ ಎಷ್ಟು ಜೀವ?

ಮದ್ಯ, ಮಾಂಸ, ಮಧು ಇವುಗಳ ತ್ಯಾಗವು ಶ್ರಾವಕಧರ್ಮದ ತಳಹದಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪಂಚಾಣುವ್ರತಗಳೊಡನೆ ಈ ಮೂರರ ತ್ಯಾಗವನ್ನು ಸೇರಿಸಿಯೇ ಅಷ್ಟಮೂಲಗುಣಗಳನ್ನು ಎಣಿಸಿದ್ದಾರೆ. ಜೇನುತುಪ್ಪವನ್ನು ಹೊಸ್ತಿಲೊಳಗೆ ತಾರದ ಮನೆಗಳು ಸಮಾಜದಲ್ಲಿ ಇಂದಿಗೂ ಇವೆ. ಅಂಥ ಮನೆಗಳ ಔಷಧದ ಕಪಾಟಿಗೂ ‘ರಾಯಲ್ ಜೆಲ್ಲಿ’ಯ ಗುಳಿಗೆ ನುಸುಳಬಲ್ಲದು. “ಇದು ಜೇನಲ್ಲ, ಟಾನಿಕ್ಕು, ಇದರಿಂದ ನೊಣವೊಂದೂ ಸಾಯುವುದಿಲ್ಲ” ಎಂಬುದು ಅದರ ಪರವಾದ ವಾದ. ಈ ವಾದವು ಪರೀಕ್ಷೆಗೆ ನಿಲ್ಲಲಾರದು.

ರಾಯಲ್ ಜೆಲ್ಲಿ ಹೂವಿನ ರಸವಲ್ಲ. ಎಳೆಯ ಕೆಲಸಗಾರ ನೊಣಗಳ ತಲೆಯಲ್ಲಿರುವ ಗ್ರಂಥಿಗಳಿಂದ ಸ್ರವಿಸುವ ಶಿಶು ಆಹಾರವದು. ಸಾಮಾನ್ಯ ಮರಿಹುಳುಗಳಿಗೆ ಈ ಬಗೆಯ ಆಹಾರ ಮೊದಲ ಮೂರು ದಿನ ಮಾತ್ರ. ರಾಣಿಯಾಗಲಿರುವ ಮರಿಗೆ ಕೊನೆಯವರೆಗೂ ಧಾರಾಳವಾಗಿ ದೊರೆಯುತ್ತದೆ. ಜೇನು ಕುಟುಂಬವು ಅಗತ್ಯ ಬಿದ್ದಾಗ ಮಾತ್ರ ರಾಣಿ ಕೋಶಗಳನ್ನು ಕಟ್ಟುವುದರಿಂದ ಸಹಜವಾಗಿ ದೊರೆಯುವ ಜೆಲ್ಲಿ ಅತ್ಯಲ್ಪ. ಆದುದರಿಂದ ಉತ್ಪಾದಕರು ಒಂದು ದಿನದ ಮರಿಗಳನ್ನು ಕೃತಕ ಬಟ್ಟಲುಗಳಿಗೆ ವರ್ಗಾಯಿಸಿ, ರಾಣಿಯಿಲ್ಲದ ಪೆಟ್ಟಿಗೆಯಲ್ಲಿಡುತ್ತಾರೆ. ರಾಣಿಯನ್ನು ಬೆಳೆಸುವ ಆತುರದಿಂದ ನೊಣಗಳು ಬಟ್ಟಲನ್ನು ತುಂಬಿಸುತ್ತವೆ. ಸುಮಾರು ಮೂರು ದಿನಗಳಾಗುತ್ತಲೇ ಮರಿಗಳನ್ನು ಹೆಕ್ಕಿ ಎಸೆದು, ಅವುಗಳ ಅನ್ನವನ್ನು ಹೀರಿಕೊಳ್ಳಲಾಗುತ್ತದೆ.

ಒಂದು ಕೋಶದಿಂದ ಸಿಗುವುದು ಸುಮಾರು ಕಾಲು ಗ್ರಾಂ. ಆ ಲೆಕ್ಕದಂತೆ ಒಂದು ಕಿಲೋ ಜೆಲ್ಲಿಗೆ ಸುಮಾರು 4,000 ಮರಿಗಳ ಆಹುತಿ. ದಿನಕ್ಕೆ ಅರ್ಧ ಗ್ರಾಂ ಸೇವಿಸುವವರ ಖಾತೆಗೆ ತಿಂಗಳಿಗೆ 60 ಜೀವಗಳ ಖರ್ಚು ಬೀಳುತ್ತದೆ. ದೊಡ್ಡ ನೊಣ ಸಾಯದಿರಬಹುದು, ಮರಿಯೂ ತ್ರಸಜೀವವಲ್ಲವೇ? ಒಲೆ ಹೊತ್ತಿಸುವಾಗ, ಹೊಲ ಉಳುವಾಗ ಗೃಹಸ್ಥನಿಂದಾಗುವ ಆರಂಭೀ, ಉದ್ಯೋಗೀ ಹಿಂಸೆಗಳ ಗುಂಪಿಗೆ ಇದು ಸೇರದು. ಇಲ್ಲಿ ಕೊಲ್ಲುವುದು ವಿಧಾನದ ಅಂಗವೇ ಆಗಿದೆ. ತಾನಾಗಿ ತೊಟ್ಟಿಕ್ಕಿದ ಜೇನಿನಲ್ಲಿಯೂ ಹಿಂಸೆಯನ್ನು ಕಂಡವರು ಪುರುಷಾರ್ಥಸಿದ್ಧ್ಯುಪಾಯದ ಅಮೃತಚಂದ್ರಾಚಾರ್ಯರು. ಅಂಥ ಪರಂಪರೆಯವರು ಇದಕ್ಕೆ ವಿನಾಯಿತಿ ಕೇಳುವುದು ವಿಪರ್ಯಾಸ.

“ಔಷಧಕ್ಕೆ ದೋಷವಿಲ್ಲ” ಎನ್ನುವವರು ಇದು ಔಷಧವೇ ಎಂಬುದನ್ನು ಮೊದಲು ವಿಚಾರಿಸಲಿ. ಮಾನವನ ಆರೋಗ್ಯಕ್ಕೆ ಇದರಿಂದ ಲಾಭವೆಂಬ ಹೇಳಿಕೆಗಳಿಗೆ ಸಾಕಷ್ಟು ಆಧಾರವಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಅಭಿಪ್ರಾಯಪಟ್ಟಿದೆ. ಉಬ್ಬಸದವರಿಗಂತೂ ಇದರಿಂದ ಪ್ರಾಣಾಪಾಯದ ಭಯವೂ ಉಂಟು. ಆಸ್ಟ್ರೇಲಿಯದಲ್ಲಿ ಈ ಎಚ್ಚರಿಕೆಯನ್ನು ಡಬ್ಬಿಯ ಮೇಲೆಯೇ ಮುದ್ರಿಸಬೇಕೆಂಬ ನಿಯಮವಿದೆ. ರಾಣಿನೊಣ ಕೆಲವು ವರ್ಷ ಬದುಕುತ್ತದೆ, ಬೇಸಗೆಯ ಕೆಲಸಗಾರ ನೊಣ ಕೆಲವೇ ವಾರ ಬದುಕುತ್ತದೆ ಎಂಬುದು ನಿಜ. ಅದನ್ನು ತೋರಿಸಿ ಮನುಷ್ಯನಿಗೆ ದೀರ್ಘಾಯುಷ್ಯದ ಆಸೆ ಹುಟ್ಟಿಸುವುದು ಜಾಹೀರಾತಿನ ಚಮತ್ಕಾರವೇ ಹೊರತು ವೈದ್ಯವಲ್ಲ.

ಕೃತ, ಕಾರಿತ, ಅನುಮೋದನೆ ಈ ಮೂರರಿಂದಲೂ ಕರ್ಮಬಂಧವಾಗುತ್ತದೆ. ಗ್ರಾಹಕನ ಹಣ ‘ಕಾರಿತ’ವಾದರೆ, ಔಷಧ ವ್ಯಾಪಾರಿಯ ಲಾಭ ‘ಅನುಮೋದನೆ’ಯಾಗುತ್ತದೆ. ತಾನು ತಿನ್ನುವುದಿಲ್ಲವೆಂದು ಹೇಳಿ ಇತರರಿಗೆ ಮಾರುವ ಜೈನ ವರ್ತಕನೂ ಈ ಲೆಕ್ಕದಿಂದ ಪಾರಾಗಲಾರನು. ಸರಕಿನ ಬೆಲೆಯನ್ನು ಕೇಳುವ ನಾಲಗೆ ಅದರ ಮೂಲವನ್ನೂ ಕೇಳಲಿ. ಮರಿಯ ಬಾಯಿಂದ ಕಸಿದ ತುತ್ತಿನಿಂದ ತನ್ನ ಆಯುಸ್ಸನ್ನು ಬೆಳೆಸಿಕೊಳ್ಳಲು ಹೊರಟವನು ಮೊದಲು ಕಳೆದುಕೊಳ್ಳುವುದು ದಯೆಯನ್ನು.